ದೊಡ್ಡ ಮೀನಿಗೆ ಗಟ್ಟಿ ಗಂಟು: ಗಾಳದ ದಾರ ಕಟ್ಟುವ ಬಗೆ

ಕೃಷ್ಣಾ ನದಿಯು ಮಹಾರಾಷ್ಟ್ರದ ಗಡಿ ದಾಟಿ ಕರ್ನಾಟಕವನ್ನು ಪ್ರವೇಶಿಸುವುದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಭಾಗದಲ್ಲಿ. ನಿಪ್ಪಾಣಿ ಕಡೆಯಿಂದ ಹರಿದು ಬರುವ ವೇದಗಂಗೆಯು ಭೋಜ ಗ್ರಾಮದ ಬಳಿ ದೂಧಗಂಗೆಯನ್ನು ಸೇರಿದರೆ, ದೂಧಗಂಗೆಯು ಕಲ್ಲೋಳದ ಬಳಿ ಕೃಷ್ಣೆಯಲ್ಲಿ ಲೀನವಾಗುತ್ತದೆ. ಅಲ್ಲಿಂದ ಮುಂದೆ ರಾಯಬಾಗ, ಕಾಗವಾಡ, ಅಥಣಿ ತಾಲ್ಲೂಕುಗಳ ಕಬ್ಬಿನ ಗದ್ದೆಗಳ ನಡುವೆ ನದಿಯ ಪಾತ್ರ ಅಗಲವಾಗುತ್ತಾ ಹೋಗುತ್ತದೆ. ಕುಡಚಿಯ ಸೇತುವೆಯಿಂದ ಕೆಳಕ್ಕೆ ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ಚಾಚಿಕೊಂಡಿದೆ. ಈ ಪ್ರದೇಶವು ರಾಜ್ಯದ ಇತರೆಡೆಯ ಓದುಗರಿಗೆ ಪರಿಚಿತವಾಗಿರುವುದು ಸಕ್ಕರೆ ಕಾರ್ಖಾನೆಗಳಿಂದ, ತಂಬಾಕಿನಿಂದ ಹಾಗೂ ಮಳೆಗಾಲದಲ್ಲಿ ಮುಳುಗುವ ಸೇತುವೆಗಳ ಸುದ್ದಿಯಿಂದ. ಇಲ್ಲಿ ಗಾಳ ಹಾಕುವವರ ಸಂಖ್ಯೆಯೂ ಕಡಿಮೆಯೇನಲ್ಲ.

ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಿ ನೀರು ನಿಲ್ಲಿಸುವ, ಮುಂದಿನ ಮಳೆಗಾಲಕ್ಕೆ ಮುನ್ನ ಅವನ್ನು ತೆಗೆಯುವ ಕೊಲ್ಹಾಪುರ ಮಾದರಿಯ ಬಾಂದಾರಗಳು ಈ ನದಿಗಳ ಮೇಲೆ ಸಾಲುಸಾಲಾಗಿವೆ. ಬೇಸಿಗೆಯಲ್ಲಿ ಹರಿವು ಕ್ಷೀಣಿಸಿದಾಗ ಬಾಂದಾರಗಳ ಹಿಂದಿನ ಆಳವಾದ ನೀರಿನಲ್ಲಿ ಹಾಗೂ ನದಿಯ ಮಡುಗಳಲ್ಲಿ ಮೀನುಗಳು ಒಟ್ಟುಗೂಡುತ್ತವೆ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಉತ್ತರದ ನದಿಗಳ ಮೀನುಗಳು. ಬಿತ್ತನೆಯ ಮೂಲಕ ಇಲ್ಲಿಗೆ ಬಂದವು. ಬಾಳೆ ಮೀನು ಈ ನೀರಿನದ್ದೇ. ಗಡಿ ಭಾಗವಾದ್ದರಿಂದ ಮರಳ, ವಾಮ, ಶಿಂಗಾಡಾ ಮುಂತಾದ ಮರಾಠಿ ಹೆಸರುಗಳು ಕನ್ನಡಿಗರ ಬಾಯಲ್ಲೂ ಸಹಜವಾಗಿವೆ. ಇವುಗಳಲ್ಲಿ ಕಾಟ್ಲಾ ಮೀನು ಅನುಕೂಲ ಸಿಕ್ಕಲ್ಲಿ 30 ಕೆ.ಜಿ.ಗೂ ಮೀರಿ ಬೆಳೆಯಬಲ್ಲದು. 10 ಕೆ.ಜಿ. ತೂಕದ್ದು ಗಾಳಕ್ಕೆ ಬಿದ್ದರೂ ಸಾಕು, ದಾರದ ಪರೀಕ್ಷೆ ಆಗಿಯೇ ತೀರುತ್ತದೆ. ಆ ಪರೀಕ್ಷೆಯಲ್ಲಿ ಸೋಲುವುದು ಬಹುತೇಕ ಸಂದರ್ಭಗಳಲ್ಲಿ ದಾರವೂ ಅಲ್ಲ, ಗಾಳವೂ ಅಲ್ಲ. ಅವೆರಡನ್ನೂ ಕೂಡಿಸುವ ಗಂಟು.

ತುಂಡಾದ ತುದಿ ಹೇಳುವುದೇನು?

ಮೀನು ತಪ್ಪಿಸಿಕೊಂಡ ಬಳಿಕ ಹೆಚ್ಚಿನವರು ನೋಡುವುದು ನೀರಿನ ಕಡೆಗೆ. ನೋಡಬೇಕಾದದ್ದು ಕೈಯಲ್ಲಿ ಉಳಿದ ದಾರದ ತುದಿಯನ್ನು. ತುದಿಯು ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡಿದ್ದರೆ ದಾರ ಕಡಿದಿಲ್ಲ, ಗಂಟು ಜಾರಿ ಬಿಚ್ಚಿಕೊಂಡಿದೆ ಎಂದೇ ಅರ್ಥ. ತುದಿಯು ಒರಟಾಗಿದ್ದು, ಅದರ ಮೇಲಿನ ಒಂದೆರಡು ಅಡಿಯಷ್ಟು ದಾರವೂ ಬೆರಳಿಗೆ ಗರಗರ ಎನ್ನುವಂತಿದ್ದರೆ ಕಲ್ಲಿಗೋ ಕಾಂಕ್ರೀಟಿಗೋ ಮೀನಿನ ಹಲ್ಲಿಗೋ ಉಜ್ಜಿ ಸವೆದಿದೆ. ಸುರುಳಿಯಾಗಲಿ ಸವೆತವಾಗಲಿ ಇಲ್ಲದೆ ಗಾಳದ ಬುಡದಲ್ಲಿಯೇ ಕಡಿದಿದ್ದರೆ ಗಂಟು ಜಾರಲಿಲ್ಲ, ಆದರೆ ತನ್ನೊಳಗಿನ ದಾರವನ್ನು ತಾನೇ ಕತ್ತರಿಸಿತು. ನಡುವೆ ಎಲ್ಲೋ ಕಡಿದಿದ್ದರೆ ದಾರ ಹಳತಾಗಿರಬಹುದು, ಇಲ್ಲವೇ ಅಲ್ಲಿ ಯಾರ ಗಮನಕ್ಕೂ ಬಾರದ ಒಂದು ಸಣ್ಣ ಗಂಟು ಬಿದ್ದಿರಬಹುದು.

ಈ ಕೊನೆಯ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ದಾರ ಎಸೆಯುವಾಗ ಗಾಳಿಗೆ ಸಿಕ್ಕಿ ತಾನಾಗಿಯೇ ಬೀಳುವ ಒಂದು ಸಾದಾ ಗಂಟು ದಾರದ ಬಲವನ್ನು ಸುಮಾರು ಅರ್ಧಕ್ಕೆ ಇಳಿಸಿಬಿಡುತ್ತದೆ. ಅಂತಹ ಗಂಟು ಕಂಡರೆ ಬಿಚ್ಚಲು ಕೂರುವುದಕ್ಕಿಂತ ಅಲ್ಲಿಗೇ ದಾರ ಕತ್ತರಿಸಿ ಹೊಸದಾಗಿ ಕಟ್ಟುವುದು ಲೇಸು. ಒಮ್ಮೆ ಬಿಗಿದ ಜಾಗ ಬಿಚ್ಚಿದ ಮೇಲೂ ಮೊದಲಿನ ಸ್ಥಿತಿಗೆ ಮರಳುವುದಿಲ್ಲ.

ನೈಲಾನ್ ಮತ್ತು ಹಳೆಯ ಗಂಟು

ಹಿಂದೆ ಗಾಳಕ್ಕೆ ಹತ್ತಿಯ ಹುರಿ, ಸೆಣಬು, ರೇಷ್ಮೆ ಬಳಕೆಯಲ್ಲಿದ್ದವು. ಇವುಗಳ ಮೈ ಒರಟು. ಎರಡು ಗಂಟು ಒಂದರ ಮೇಲೊಂದು ಹಾಕಿದರೆ ಎಳೆಗಳು ಪರಸ್ಪರ ಕಚ್ಚಿಕೊಂಡು ನಿಲ್ಲುತ್ತಿದ್ದವು. ಒದ್ದೆಯಾದಾಗ ಹತ್ತಿ ಉಬ್ಬಿ ಗಂಟು ಇನ್ನಷ್ಟು ಬಿಗಿಯಾಗುತ್ತಿತ್ತು. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊದರ್ಸ್ ಅವರ ತಂಡ 1935ರಲ್ಲಿ ನೈಲಾನ್ ತಯಾರಿಸಿದ ನಂತರದ ದಶಕಗಳಲ್ಲಿ ಈ ಚಿತ್ರ ಸಂಪೂರ್ಣ ಬದಲಾಯಿತು. ನಮ್ಮಲ್ಲಿ ತಂಗೂಸಿ ಎಂದು ಕರೆಯಲಾಗುವ ಒಂಟಿ ಎಳೆಯ ನೈಲಾನ್ ದಾರ ನುಣುಪು, ಪಾರದರ್ಶಕ, ಅಗ್ಗ, ನೀರಿನಲ್ಲಿ ಕೊಳೆಯದು. ಆದರೆ ಆ ನುಣುಪೇ ಹಳೆಯ ಗಂಟಿಗೆ ಶತ್ರು. ಹತ್ತಿಯ ಹುರಿಗೆ ಸಾಕಾಗುತ್ತಿದ್ದ ಗಂಟು ತಂಗೂಸಿಯಲ್ಲಿ ಮೆಲ್ಲನೆ ಜಾರುತ್ತದೆ.

ದಾರ ಬದಲಾಯಿತು, ಕೈಯ ರೂಢಿ ಬದಲಾಗಲಿಲ್ಲ. ಇಂದಿಗೂ ಗಂಟಿನ ಮೇಲೆ ಗಂಟು ಹಾಕಿ, ಹಲ್ಲಿನಲ್ಲಿ ಕಚ್ಚಿ ಎಳೆದು, ಬೇಕಿದ್ದರೆ ತುದಿಯನ್ನು ಬೀಡಿಯ ಕೆಂಡಕ್ಕೆ ತಾಗಿಸಿ ಕರಗಿಸುವವರು ಅನೇಕರಿದ್ದಾರೆ. ಈ ಪದ್ಧತಿಯಲ್ಲಿ ಮೂರು ದೋಷಗಳು ಒಟ್ಟಿಗೆ ಸೇರಿವೆ. ಸಾದಾ ಗಂಟಿನಲ್ಲಿ ದಾರವು ಅತ್ಯಂತ ಚೂಪಾಗಿ ಬಾಗುತ್ತದೆ. ಬಾಗಿದ ಕಡೆ ಹೊರಮೈ ಹಿಗ್ಗಿ, ಒಳಮೈ ಒತ್ತಿಕೊಂಡು, ಒಂದು ಎಳೆ ಮತ್ತೊಂದನ್ನು ಚಾಕುವಿನಂತೆ ಅದುಮುತ್ತದೆ. ಹಲ್ಲು ದಾರದ ಮೈಮೇಲೆ ಕಚ್ಚು ಉಳಿಸುತ್ತದೆ. ಇನ್ನು ಬೆಂಕಿಯ ವಿಷಯ ಹೇಳಬೇಕಿಲ್ಲ: ನೈಲಾನ್ ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲಾರಂಭಿಸುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ.

ಒಂದು ಸರಳ ಲೆಕ್ಕ ನೋಡಬಹುದು. ಉರುಳೆಯ ಮೇಲೆ 10 ಕೆ.ಜಿ. ಎಂದು ಬರೆದ ದಾರ ಇದೆ ಎನ್ನೋಣ. ನೀರು ಹೀರಿದ ನೈಲಾನ್ ತನ್ನ ಬಲದ ಹತ್ತನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಉಳಿದದ್ದು 9 ಕೆ.ಜಿ. ಸಾದಾ ಗಂಟು ಅದನ್ನು ಅರ್ಧಕ್ಕೆ ಇಳಿಸಿದರೆ ಕೈಗೆ ಸಿಗುವುದು ನಾಲ್ಕೂವರೆ ಕೆ.ಜಿ. ಮಾತ್ರ. ಅದೇ ದಾರಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಬಲ ಉಳಿಸುವ ಗಂಟು ಹಾಕಿದರೆ 8 ಕೆ.ಜಿ.ಗೂ ಮೇಲೆ ಸಿಗುತ್ತದೆ. ಹೆಚ್ಚಿನ ಖರ್ಚಿಲ್ಲ, ಹೊಸ ಸಾಮಗ್ರಿ ಇಲ್ಲ; ವ್ಯತ್ಯಾಸ ಹೆಚ್ಚುಕಡಿಮೆ ಇಮ್ಮಡಿ.

ಕಣ್ಣಿರುವ ಗಾಳಕ್ಕೆ ಪ್ಯಾಲೋಮಾರ್ ಗಂಟು

ಗಂಟುಗಳ ಕುರಿತ ಪುಸ್ತಕಗಳಲ್ಲಿ ಹತ್ತಾರು ವಿಧಾನಗಳ ಚಿತ್ರಗಳಿರುತ್ತವೆ. ಅಷ್ಟನ್ನೂ ಕಲಿಯುವ ಅಗತ್ಯವಿಲ್ಲ ಎಂಬುದು ಈ ಲೇಖನದ ನಿಲುವು. ಮಾರುಕಟ್ಟೆಯಲ್ಲಿ ಸಿಗುವ ಗಾಳಗಳು ಎರಡು ಬಗೆ. ಮೇಲ್ತುದಿಯಲ್ಲಿ ಸೂಜಿಯಂತೆ ಕಣ್ಣು ಇರುವಂಥವು ಒಂದು ಬಗೆ. ಕಣ್ಣಿಲ್ಲದೆ ತುದಿಯನ್ನು ಬಡಿದು ಚಪ್ಪಟೆ ಮಾಡಿರುವಂಥವು ಇನ್ನೊಂದು. ಒಂದೊಂದು ಬಗೆಗೆ ಒಂದೊಂದು ಗಂಟು ಕರತಲಾಮಲಕವಾದರೆ ನದಿ, ಕೆರೆ, ಹಿನ್ನೀರು ಎಲ್ಲಕ್ಕೂ ಸಾಲುತ್ತದೆ.

ಕಣ್ಣಿರುವ ಗಾಳಕ್ಕೆ ಪ್ಯಾಲೋಮಾರ್ ಎಂಬ ಗಂಟು ಅತ್ಯಂತ ವಿಶ್ವಾಸಾರ್ಹ. ಜಗತ್ತಿನಾದ್ಯಂತ ಹವ್ಯಾಸಿಗಳೂ ವೃತ್ತಿಪರರೂ ಇದನ್ನು ಮೆಚ್ಚಿದ್ದಾರೆ. ಕಾರಣ ಎರಡು: ಗಾಳದ ಕಣ್ಣಿನ ಮೇಲೆ ಒಂದರ ಬದಲು ಎರಡು ಎಳೆ ಕೂರುತ್ತವೆ, ಮತ್ತು ಇದು ಕತ್ತಲಲ್ಲೂ ತಪ್ಪದೆ ಹಾಕಬಹುದಾದಷ್ಟು ಸರಳ.

ದಾರದ ತುದಿಯ ಒಂದು ಗೇಣಿನಷ್ಟು ಉದ್ದವನ್ನು ಮಡಚಿ ಜೋಡಿ ಎಳೆ ಮಾಡಿಕೊಳ್ಳಬೇಕು. ಮಡಿಕೆಯ ಕುಣಿಕೆಯನ್ನು ಗಾಳದ ಕಣ್ಣಿನ ಮೂಲಕ ತೂರಿಸಿ ನಾಲ್ಕು ಬೆರಳಿನಷ್ಟು ಹೊರಗೆಳೆಯಬೇಕು. ಈಗ ಆ ಜೋಡಿ ಎಳೆಯಿಂದಲೇ ಒಂದು ಸಾದಾ ಗಂಟನ್ನು ಸಡಿಲವಾಗಿ ಹಾಕಬೇಕು. ಗಾಳವು ಗಂಟಿನ ಕೆಳಗೆ ತೂಗಾಡುತ್ತಿರಲಿ. ಗಂಟನ್ನು ಬಿಗಿಯಬಾರದು. ಎಳೆಗಳು ಒಂದರ ಮೇಲೊಂದು ಹತ್ತದೆ ಅಕ್ಕಪಕ್ಕದಲ್ಲೇ ಸಾಗಿರುವುದನ್ನು ನೋಡಿಕೊಳ್ಳಬೇಕು. ಬಳಿಕ ಉಳಿದ ಕುಣಿಕೆಯನ್ನು ಅಗಲಿಸಿ, ಇಡೀ ಗಾಳವನ್ನು ಅದರೊಳಗಿಂದ ದಾಟಿಸಬೇಕು. ಕುಣಿಕೆಯು ಗಾಳದ ಕೊಕ್ಕೆಯನ್ನು ಬಳಸಿಕೊಂಡು ಮೇಲೇರಿ ಕಣ್ಣಿನ ಮೇಲ್ಭಾಗಕ್ಕೆ ಬರುತ್ತದೆ. ಆಮೇಲೆ ಗಂಟನ್ನು ಒದ್ದೆ ಮಾಡಿ, ಮುಖ್ಯ ಎಳೆ ಹಾಗೂ ತುದಿ ಎಳೆ ಎರಡನ್ನೂ ಒಟ್ಟಿಗೆ ಹಿಡಿದು ನಿಧಾನವಾಗಿ ಎಳೆಯಬೇಕು. ಗಂಟು ಕೂತ ಮೇಲೆ ತುದಿಯಲ್ಲಿ ಮೂರು ಮಿ.ಮೀ. ಬಿಟ್ಟು ಉಳಿದದ್ದನ್ನು ಕತ್ತರಿಸಬಹುದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದೇ. ಕುಣಿಕೆಯನ್ನು ಚಿಕ್ಕದಾಗಿ ಉಳಿಸಿಕೊಂಡರೆ ದೊಡ್ಡ ಗಾಳ ಅದರೊಳಗೆ ಹಿಡಿಯುವುದಿಲ್ಲ. ಬಲವಂತವಾಗಿ ತುರುಕಿದಾಗ ಗಾಳದ ಮುಳ್ಳು ದಾರವನ್ನು ಕೆರೆಯುತ್ತದೆ. ಆದ್ದರಿಂದ ಆರಂಭದಲ್ಲಿಯೇ ಧಾರಾಳವಾಗಿ ದಾರ ಬಿಡುವುದು ಒಳ್ಳೆಯದು. ಇನ್ನೊಂದು ಮಾತು: ಅಗ್ಗದ ಗಾಳಗಳಲ್ಲಿ ಕಣ್ಣಿನ ತಂತಿ ಪೂರ್ತಿ ಮುಚ್ಚಿಕೊಳ್ಳದೆ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಎಂಥ ಗಂಟನ್ನೇ ಹಾಕಿದರೂ ದಾರ ಆ ಸಂದಿಗೆ ಸರಿದರೆ ಕತ್ತರಿಸಿಹೋಗುತ್ತದೆ. ಕೊಳ್ಳುವಾಗಲೇ ಬೆಳಕಿಗೆ ಹಿಡಿದು ನೋಡಿ, ಸಂದು ಇದ್ದವನ್ನು ಬದಿಗಿಡಬೇಕು.

ಚಪ್ಪಟೆ ತುದಿಯ ಗಾಳಕ್ಕೆ ಸುತ್ತುಗಂಟು

ಸಂತೆಗಳಲ್ಲಿ, ಬಲೆ ಮಾರುವ ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಗಾಳಗಳಲ್ಲಿ ಅನೇಕವು ಕಣ್ಣಿಲ್ಲದವು. ಇವುಗಳಿಗೆ ದಾರವನ್ನು ಗಾಳದ ದಂಡಿನ ಸುತ್ತ ಸುತ್ತಿಯೇ ಕಟ್ಟಬೇಕು. ಸರಿಯಾಗಿ ಸುತ್ತಿದರೆ ಇದು ಕಣ್ಣಿನ ಗಾಳದ ಗಂಟಿಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ. ಎಳೆತವು ಒಂದೇ ಬಿಂದುವಿನ ಮೇಲೆ ಬೀಳದೆ ಏಳೆಂಟು ಸುತ್ತುಗಳ ಮೇಲೆ ಹಂಚಿಹೋಗುತ್ತದೆ, ಮತ್ತು ಗಾಳ ನೇರವಾಗಿ ಎಳೆಯಲ್ಪಡುತ್ತದೆ.

ಎಡಗೈಯಲ್ಲಿ ಗಾಳದ ಬಾಗನ್ನು ಹಿಡಿದು, ಚಪ್ಪಟೆ ತುದಿ ಬಲಕ್ಕೆ ಬರುವಂತೆ ಇಟ್ಟುಕೊಳ್ಳಬೇಕು. ಮುಖ್ಯ ಎಳೆ ಬಲಗಡೆಯಿಂದ ದಂಡಿನ ಗುಂಟ ಬಂದು, ಬಾಗಿನ ಹತ್ತಿರ ತಿರುಗಿ, ಮತ್ತೆ ಚಪ್ಪಟೆ ತುದಿಯತ್ತ ಹಿಂದಿರುಗಲಿ. ಹೀಗೆ ಬಾಗಿನ ಬಳಿ ಒಂದು ಕುಣಿಕೆ ಉಳಿಯುತ್ತದೆ. ಈಗ ತುದಿ ಎಳೆಯನ್ನು ಚಪ್ಪಟೆ ತುದಿಯ ಬಳಿಯಿಂದ ಆರಂಭಿಸಿ, ದಂಡು ಹಾಗೂ ಅದರ ಪಕ್ಕದ ಎರಡೂ ಎಳೆಗಳನ್ನು ಒಳಗೊಂಡಂತೆ, ಬಾಗಿನ ದಿಕ್ಕಿಗೆ ಏಳೆಂಟು ಸುತ್ತು ಸುತ್ತಬೇಕು. ಸುತ್ತುಗಳು ಬಳೆ ಜೋಡಿಸಿದಂತೆ ಒಂದರ ಪಕ್ಕ ಒಂದು ಕೂರಬೇಕು. ಒಂದರ ಮೇಲೊಂದು ಏರಬಾರದು. ಕೊನೆಗೆ ತುದಿಯನ್ನು ಬಾಗಿನ ಬಳಿಯ ಕುಣಿಕೆಯೊಳಗೆ ತೂರಿಸಿ, ಸುತ್ತುಗಳನ್ನು ಬೆರಳಲ್ಲಿ ಅದುಮಿ ಹಿಡಿದು, ಮುಖ್ಯ ಎಳೆಯನ್ನು ಎಳೆಯಬೇಕು. ಕುಣಿಕೆ ಮುಚ್ಚಿಕೊಂಡು ತುದಿಯನ್ನು ಕಚ್ಚಿ ಹಿಡಿಯುತ್ತದೆ. ಒದ್ದೆ ಮಾಡಿ, ಇಡೀ ಸುತ್ತನ್ನು ಚಪ್ಪಟೆ ತುದಿಗೆ ಆತುಕೊಳ್ಳುವಂತೆ ಸರಿಸಿ, ಪೂರ್ತಿ ಬಿಗಿಯಬೇಕು. ಮುಖ್ಯ ಎಳೆ ಗಾಳದ ಮೊನೆ ಇರುವ ಬದಿಯಿಂದ ಹೊರಡುವಂತಿದ್ದರೆ ಮೀನಿನ ಬಾಯಿಗೆ ಗಾಳ ಚೆನ್ನಾಗಿ ನಾಟುತ್ತದೆ. ಚಪ್ಪಟೆ ತುದಿಯ ಅಂಚು ದಾರವನ್ನು ಕೊಯ್ಯುವ ಅಪಾಯವೂ ತಗ್ಗುತ್ತದೆ.

ಉದ್ದ ಹಗ್ಗಕ್ಕೆ ಸಾಲಾಗಿ ಗಾಳಗಳನ್ನು ಕಟ್ಟಿ ಸಂಜೆ ನೀರಿಗೆ ಬಿಟ್ಟು ಬೆಳಿಗ್ಗೆ ಎಳೆಯುವವರಿಗೆ ಈ ಸುತ್ತುಗಂಟೇ ಹೆಚ್ಚು ಉಪಯುಕ್ತ. ರಾತ್ರಿಯಿಡೀ ಮೀನು ಎಳೆದು ಬಿಟ್ಟು ಎಳೆದು ಬಿಟ್ಟು ಮಾಡುವಾಗ ದಾರ ಸಡಿಲಿಸಲು ದಂಡೆಯಲ್ಲಿ ಯಾರೂ ಇರುವುದಿಲ್ಲ. ಆ ಹೊರೆಯನ್ನೆಲ್ಲ ಗಂಟೇ ಹೊರಬೇಕು.

ಎರಡು ದಾರಗಳನ್ನು ಕೂಡಿಸುವ ಪ್ರಸಂಗ ಬಂದರೆ, ಸಾಧ್ಯವಾದಷ್ಟೂ ಅದನ್ನು ತಪ್ಪಿಸುವುದೇ ಉಚಿತ. ದೊಡ್ಡ ಮೀನಿನ ನಿರೀಕ್ಷೆ ಇರುವಲ್ಲಿ ನಡುವೆ ಕೂಡಿಕೆ ಇಲ್ಲದ ಒಂದೇ ದಾರ ಬಳಸಬೇಕು.

ಬಿಗಿಯುವುದರಲ್ಲೇ ಅರ್ಧ ಕೆಲಸ

ಯಾವ ಗಂಟು ಎಂಬುದಕ್ಕಿಂತ ಹೇಗೆ ಬಿಗಿಯಲಾಯಿತು ಎಂಬುದೇ ಅನೇಕ ಸಲ ನಿರ್ಣಾಯಕ. ಒಣ ತಂಗೂಸಿಯನ್ನು ಬೆರಳ ಮೇಲೆ ಸರ್ರನೆ ಎಳೆದು ನೋಡಿದರೆ ಚರ್ಮ ಸುಡುತ್ತದೆ. ಅದೇ ಬಿಸಿ ಗಂಟಿನೊಳಗೆ ಎಳೆಯ ಮೇಲೆ ಎಳೆ ಉಜ್ಜುವಾಗಲೂ ಹುಟ್ಟುತ್ತದೆ. ಬೆರಳಾದರೆ ಹಿಂದೆ ಸರಿಯುತ್ತದೆ. ನೈಲಾನಿನ ಮೈ ಮಾತ್ರ ಅಲ್ಲಿಯೇ ಮೆತ್ತಗಾಗಿ, ಬೆಳ್ಳಗೆ ಸುಕ್ಕುಗಟ್ಟಿ ನಿಲ್ಲುತ್ತದೆ. ಹೀಗೆ ಬಿಳಿಚಿಕೊಂಡ ಗಂಟು ನೋಡಲು ಬಿಗಿಯಾಗಿಯೇ ಇರುತ್ತದೆ, ಮೀನು ಬೀಳುವವರೆಗೆ.

ಪರಿಹಾರ ಬಹಳ ಸುಲಭ. ಬಿಗಿಯುವ ಮುನ್ನ ಗಂಟನ್ನು ನೀರಲ್ಲಿ ಅದ್ದಬೇಕು. ಎಂಜಲು ಹಚ್ಚುವ ರೂಢಿ ಎಲ್ಲೆಡೆ ಇದೆ. ಆದರೆ ಎರೆಹುಳು, ಹಿಟ್ಟು ಮುಟ್ಟಿದ ಕೈ ಹಾಗೂ ನದಿಯ ನೀರಿನಲ್ಲಿ ಅದ್ದಿದ ದಾರವನ್ನು ಬಾಯಿಗೆ ಇಡುವುದಕ್ಕಿಂತ ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟುಕೊಳ್ಳುವುದು ಮೇಲು. ಎಳೆಯುವುದು ಜಗ್ಗಿದಂತೆ ಇರಬಾರದು. ಸಮನಾದ, ಏರುತ್ತಾ ಹೋಗುವ ಎಳೆತದಿಂದ ಸುತ್ತುಗಳು ತಮ್ಮ ಜಾಗದಲ್ಲಿ ಕೂರಬೇಕು. ಕೂತ ಮೇಲೆ ಗಾಳವನ್ನು ಇಕ್ಕಳದಲ್ಲಿ ಹಿಡಿದು, ದಾರವನ್ನು ಬಟ್ಟೆ ಸುತ್ತಿದ ಕೈಯಿಂದ ಒಮ್ಮೆ ಗಟ್ಟಿಯಾಗಿ ಎಳೆದು ನೋಡಬೇಕು. ಜಾರುವ ಗಂಟಾದರೆ ಇಲ್ಲಿಯೇ ಜಾರಲಿ. ಎಳೆಗಳು ಅಡ್ಡಾದಿಡ್ಡಿಯಾಗಿ ಹಾದಿರುವುದು ಕಂಡರೆ ಕನಿಕರ ತೋರದೆ ಕತ್ತರಿಸಿ ಮತ್ತೆ ಕಟ್ಟಬೇಕು. ಒಂದು ಗೇಣು ತಂಗೂಸಿಯ ಬೆಲೆ ಎಷ್ಟು ಮಹಾ?

ಬಕೆಟ್ ಪರೀಕ್ಷೆ

ತನ್ನ ಗಂಟಿನ ಬಲ ಎಷ್ಟೆಂದು ಮನೆಯಲ್ಲಿಯೇ ಅಳೆಯಲು ಸಾಧ್ಯವಿದೆ. ಬೀಗದ ಕೈ ಗೊಂಚಲಿನ ಉಕ್ಕಿನ ಉಂಗುರವನ್ನು ಗಾಳದ ಕಣ್ಣೆಂದು ಭಾವಿಸಿ ಅದಕ್ಕೆ ಗಂಟು ಹಾಕಬೇಕು. ಉಂಗುರವನ್ನು ಒಂದು ಗಟ್ಟಿ ದಾರದಿಂದ ಖಾಲಿ ಬಕೆಟ್ಟಿನ ಹಿಡಿಕೆಗೆ ಜೋಡಿಸಬೇಕು. ತಂಗೂಸಿಯ ಇನ್ನೊಂದು ತುದಿಗೆ ಗಂಟು ಹಾಕಬಾರದು. ಲಟ್ಟಣಿಗೆಯಂತಹ ನುಣುಪಾದ ದುಂಡು ಕೋಲಿಗೆ ಹತ್ತು ಹನ್ನೆರಡು ಸುತ್ತು ಸುತ್ತಿ ಹಿಡಿದರೆ ಉಜ್ಜುವಿಕೆಯೇ ಅದನ್ನು ನಿಲ್ಲಿಸುತ್ತದೆ. ಎರಡೂ ಕಡೆ ಗಂಟಿದ್ದರೆ ಯಾವುದು ಸೋತಿತೆಂದು ತಿಳಿಯುವುದಾದರೂ ಹೇಗೆ? ಕೋಲನ್ನು ಎರಡು ಕುರ್ಚಿಗಳ ನಡುವೆ ಅಲುಗದಂತೆ ಕಟ್ಟಿಟ್ಟು, ಬಕೆಟ್ ನೆಲದಿಂದ ನಾಲ್ಕು ಬೆರಳು ಮಾತ್ರ ಮೇಲಿರುವಂತೆ ನೋಡಿಕೊಂಡು, ಲೀಟರ್ ಅಳತೆಯಲ್ಲಿ ನೀರು ಸುರಿಯುತ್ತಾ ಹೋಗಬೇಕು. ಒಂದು ಲೀಟರ್ ನೀರು ಎಂದರೆ ಒಂದು ಕೆ.ಜಿ.; ಬಕೆಟ್ಟಿನ ತೂಕವನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ದಾರ ಕಡಿಯುವಾಗ ಸಿಡಿಯುವುದರಿಂದ ಮುಖವನ್ನು ದೂರವಿಡಬೇಕು, ಕನ್ನಡಕ ಇದ್ದರೆ ಉತ್ತಮ.

ಒಂದೇ ಉರುಳೆಯ ದಾರದಲ್ಲಿ ಹಳೆಯ ಪದ್ಧತಿಯ ಗಂಟು, ಪ್ಯಾಲೋಮಾರ್ ಗಂಟು, ಹಾಗೆಯೇ ಒಣದಾಗಿ ಬಿಗಿದ ಪ್ಯಾಲೋಮಾರ್ ಗಂಟು ಇವುಗಳನ್ನು ತಲಾ ಮೂರು ಬಾರಿ ಪರೀಕ್ಷಿಸಿ ಬರೆದಿಟ್ಟುಕೊಂಡರೆ ಒಂದು ಭಾನುವಾರದ ಬೆಳಗಿನ ಶ್ರಮ ಸಾರ್ಥಕವಾಗುತ್ತದೆ. ಅಂದಹಾಗೆ, ಶಾಲಾ ವಿಜ್ಞಾನ ಪ್ರದರ್ಶನಕ್ಕೂ ಇದು ಒಳ್ಳೆಯ ಪ್ರಯೋಗವೇ.

ದಾರದ ಆಯ್ಕೆ ಮತ್ತು ಸವೆತ

ದಾರದ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ. ಆದ್ದರಿಂದ ದಪ್ಪ ಇಮ್ಮಡಿಯಾದರೆ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಸಾಧಾರಣ ಗುಣಮಟ್ಟದ 0.40 ಮಿ.ಮೀ. ತಂಗೂಸಿ ಸುಮಾರು 9ರಿಂದ 10 ಕೆ.ಜಿ., 0.50 ಮಿ.ಮೀ. ದಾರ ಸುಮಾರು 14 ಕೆ.ಜಿ. ತಾಳುತ್ತದೆ. ಹಾಗೆಂದು ಮಿತಿಮೀರಿ ದಪ್ಪ ದಾರ ಬಳಸಿದರೆ ಗಂಟು ಸರಿಯಾಗಿ ಕೂರುವುದಿಲ್ಲ, ಎಚ್ಚರದ ಮೀನು ಗಾಳದ ಹತ್ತಿರ ಸುಳಿಯುವುದೂ ಇಲ್ಲ. ಎಳೆಗಳನ್ನು ಹೆಣೆದು ತಯಾರಿಸುವ ಈಚಿನ ದಾರಗಳು ಅದೇ ದಪ್ಪದಲ್ಲಿ ಹೆಚ್ಚು ಬಲಶಾಲಿ. ಆದರೆ ಅವು ತಂಗೂಸಿಗಿಂತಲೂ ನುಣುಪು, ಹಿಗ್ಗುವುದೂ ಅತ್ಯಲ್ಪ. ಅವಕ್ಕೂ ಪ್ಯಾಲೋಮಾರ್ ಗಂಟೇ ಸೂಕ್ತ.

ಬಾಂದಾರದ ಕಂಬಗಳ ಬಳಿ ಗಾಳ ಹಾಕುವವರು ಸವೆತದ ಬಗ್ಗೆ ಎಚ್ಚರದಿಂದಿರಬೇಕು. ಮೀನು ಕಂಬದ ಹಿಂದಕ್ಕೆ ನುಗ್ಗಿದಾಗ ದಾರ ಕಾಂಕ್ರೀಟಿನ ಅಂಚಿಗೆ ಉಜ್ಜುತ್ತದೆ. ಬಾಳೆ ಮೀನಿನ ಅಗಲವಾದ ಬಾಯಿಯಲ್ಲಿ ಸಣ್ಣ ಹಲ್ಲುಗಳ ಪಟ್ಟಿಯೇ ಇದೆ. ಅದು ಗಂಟಿನ ಮೇಲಿನ ಭಾಗವನ್ನು ಅರದಂತೆ ತೇಯುತ್ತದೆ. ಅಂತಹ ಮೀನಿನ ನಿರೀಕ್ಷೆ ಇದ್ದರೆ ಗಾಳದ ಬಳಿಯ ಒಂದು ಮೊಳದಷ್ಟನ್ನು ಹೆಚ್ಚು ದಪ್ಪದ ದಾರದಿಂದ ಮಾಡಿ, ನಡುವೆ ತಿರುಗುವ ಲೋಹದ ಕೊಂಡಿಯೊಂದನ್ನು ಇಟ್ಟು, ಕೊಂಡಿಯ ಎರಡೂ ಕಣ್ಣುಗಳಿಗೆ ಪ್ರತ್ಯೇಕವಾಗಿ ಗಂಟು ಹಾಕಬೇಕು. ಪ್ರತಿ ದೊಡ್ಡ ಮೀನಿನ ನಂತರ ಕೊನೆಯ ಒಂದು ಮಾರು ದಾರವನ್ನು ಉಗುರಿನ ನಡುವೆ ಎಳೆದು ಪರೀಕ್ಷಿಸಿ, ಒರಟು ತಾಗಿದರೆ ಅಷ್ಟನ್ನೂ ತೆಗೆದುಹಾಕಬೇಕು. ಮೀನು ಸಿಕ್ಕ ಗಂಟು ಒಮ್ಮೆ ಗೆದ್ದಿದೆ ನಿಜ; ಎರಡನೇ ಸಲಕ್ಕೆ ಹೊಸದನ್ನೇ ಕಟ್ಟಬೇಕು. ಬಿಸಿಲು ನೈಲಾನನ್ನು ಒಳಗೊಳಗೇ ದುರ್ಬಲಗೊಳಿಸುವುದರಿಂದ ಉರುಳೆಯನ್ನು ನೆರಳಿನಲ್ಲಿಡುವುದು ಅವಶ್ಯ. ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿದ ಉರುಳೆಯನ್ನು ಕೊಳ್ಳದಿರುವುದೇ ಜಾಣತನ.

ಮೀನಿನ ತೂಕ, ದಾರದ ಹೊರೆ

10 ಕೆ.ಜಿ. ಮೀನಿಗೆ 10 ಕೆ.ಜಿ. ದಾರ ಬೇಕೆಂಬುದು ತಪ್ಪು ಗ್ರಹಿಕೆ. ಮೀನಿನ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ನೀರಿನಲ್ಲಿ ಅದಕ್ಕೆ ತೂಕವೇ ಇಲ್ಲವೆನ್ನಬಹುದು. ದಾರದ ಮೇಲೆ ಬೀಳುವುದು ಮೀನಿನ ತೂಕವಲ್ಲ, ಅದರ ಓಟದ ಬಲ, ಹರಿವಿನ ಒತ್ತಡ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಓಟವನ್ನು ಒಮ್ಮೆಲೇ ತಡೆದಾಗ ಉಂಟಾಗುವ ಜಗ್ಗು. ಆದ್ದರಿಂದಲೇ 5 ಕೆ.ಜಿ. ಮೀನು 10 ಕೆ.ಜಿ. ದಾರವನ್ನು ಹರಿಯಬಲ್ಲದು, ನಿಧಾನಿಯು ಅದೇ ದಾರದಲ್ಲಿ 15 ಕೆ.ಜಿ. ಮೀನನ್ನು ದಡಕ್ಕೆ ತರಬಲ್ಲ. ಗಿರಕಿಯ ಬಿಗಿತವನ್ನು ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಟ್ಟು, ಮೀನು ಓಡಿದಾಗ ದಾರ ಬಿಡುವುದು ಕ್ರಮ. ಬರಿಗೈಯಲ್ಲಿ ದಾರ ಹಿಡಿಯುವವರು ಅದನ್ನು ಅಂಗೈಗಾಗಲಿ ಬೆರಳಿಗಾಗಲಿ ಎಂದಿಗೂ ಸುತ್ತಿಕೊಳ್ಳಬಾರದು. ದೊಡ್ಡ ಮೀನು ಎಳೆದಾಗ ತೆಳು ತಂಗೂಸಿ ಮಾಂಸ ಕೊಯ್ಯುತ್ತದೆ.

ಗಂಟಿಗೆ ನಿಜವಾದ ತೂಕ ಬೀಳುವುದು ಕೊನೆಯ ಕ್ಷಣದಲ್ಲಿ, ಮೀನನ್ನು ನೀರಿನಿಂದ ಮೇಲಕ್ಕೆತ್ತುವಾಗ. ಸೇತುವೆಯ ಮೇಲಿಂದ ಗಾಳ ಹಾಕಿ, ದಣಿದ ಮೀನನ್ನು ದಾರದಲ್ಲೇ ಮೇಲಕ್ಕೆಳೆಯುವಾಗ ಎಷ್ಟು ಮೀನುಗಳು ಕೈತಪ್ಪಿವೆಯೋ ಲೆಕ್ಕವಿಲ್ಲ. ಕೆಳಗೆ ಒಬ್ಬರು ಕೈಬಲೆ ಹಿಡಿದು ನಿಲ್ಲದ ಹೊರತು ಎತ್ತರದಿಂದ ದೊಡ್ಡ ಮೀನಿಗೆ ಗಾಳ ಹಾಕುವುದರಲ್ಲಿ ಅರ್ಥವಿಲ್ಲ.

ಗಾಳ ಕಚ್ಚಿದ ಮೀನಿನ ಪಾಡು

ದಾರ ಕಡಿದಾಗ ಗಾಳ ಹಾಕಿದವನು ಕಳೆದುಕೊಳ್ಳುವುದು ಒಂದು ಊಟವನ್ನೋ ಒಂದು ದಿನದ ಸಂಪಾದನೆಯನ್ನೋ. ಮೀನಿನ ಪಾಲಿಗೆ ಅದು ಹಾಗಲ್ಲ. ಬಾಯಲ್ಲಿ ಗಾಳ, ಹಿಂದೆ ಮಾರುಗಟ್ಟಲೆ ದಾರ ಎಳೆದುಕೊಂಡು ಹೋದ ಮೀನು ಕಲ್ಲುಬೇರುಗಳಿಗೆ ಸಿಕ್ಕಿ ಸಾಯುತ್ತದೆ. ಗಂಟು ಗಟ್ಟಿ ಇರಬೇಕೆನ್ನುವುದು ಈ ಕಾರಣಕ್ಕೂ ಹೌದು.

ಮಹಶೀರ್ ಮೀನಿನ ವಿಚಾರದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ದಖ್ಖನದ ಮಹಶೀರ್ ಮೀನನ್ನು ಡಬ್ಲ್ಯೂ.ಎಚ್. ಸೈಕ್ಸ್ 1839ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯಿಸಿದ್ದು ಪುಣೆ ಬಳಿಯ ಮುಳಾ–ಮುಠಾ ನದಿಯ ಮೀನುಗಳ ಆಧಾರದ ಮೇಲೆ. ಆ ನೀರು ಭೀಮೆಯ ಮೂಲಕ ಕೃಷ್ಣೆಗೇ ಸೇರುತ್ತದೆ. ಕಾವೇರಿ ಕಣಿವೆಯ ಡುಬ್ಬದ ಮಹಶೀರ್ ಇನ್ನೂ ದೊಡ್ಡದು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರ ಗಾಳಕ್ಕೆ ಬಿದ್ದ ಮೀನು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿತ್ತು. ಅದೇ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಶೃಂಗೇರಿ, ಶಿಶಿಲಗಳಲ್ಲಿ ಭಕ್ತರು ಅಕ್ಕಿ, ಮಂಡಕ್ಕಿ ಹಾಕಿ ಸಾಕುವ ದೇವರ ಮೀನುಗಳೂ ಮಹಶೀರ್ ಕುಲದವೇ. ಎಲ್ಲಿಯೇ ಆಗಲಿ ಈ ಮೀನು ಗಾಳಕ್ಕೆ ಬಿದ್ದರೆ ಒದ್ದೆ ಕೈಯಿಂದ ಹಿಡಿದು, ಗಾಳ ಬಿಡಿಸಿ, ನೀರಿಗೆ ಬಿಡಬೇಕು. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಟ್ಟಿದ್ದರೆ ಬಿಡಿಸುವುದು ಸುಲಭ. ಗಟ್ಟಿ ಗಂಟಿದ್ದಾಗ ಮೀನನ್ನು ಬೇಗ ದಡಕ್ಕೆ ತರಬಹುದು; ಗಂಟೆಗಟ್ಟಲೆ ಆಡಿಸಿ ದಣಿಸಿದ ಮೀನು ಬಿಟ್ಟರೂ ಬದುಕುವ ಭರವಸೆಯಿಲ್ಲ.

ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನಗಳ ವ್ಯಾಪ್ತಿಯಲ್ಲಿ ಗಾಳ ಹಾಕುವಂತಿಲ್ಲ. ಕೆರೆಗಳು, ಜಲಾಶಯಗಳು ಹಾಗೂ ನದಿಯ ಕೆಲ ಭಾಗಗಳ ಮೀನಿನ ಹಕ್ಕು ಗುತ್ತಿಗೆ ಅಥವಾ ಪರವಾನಗಿಯ ಮೂಲಕ ಸಹಕಾರ ಸಂಘಗಳಿಗೂ ವ್ಯಕ್ತಿಗಳಿಗೂ ಸೇರಿರುತ್ತದೆ. ಹವ್ಯಾಸಿಗಳು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಯೇ ಹೊರಡಬೇಕು. ಜೂನ್‌ನಿಂದ ಆಗಸ್ಟ್‌ವರೆಗಿನ ಹೊಸ ನೀರಿನಲ್ಲಿ ಕಾಟ್ಲಾ, ರೋಹುಗಳು ಮೊಟ್ಟೆ ಇಡುವುದರಿಂದ ಆ ತಿಂಗಳುಗಳಲ್ಲಿ ಗಾಳ ಎತ್ತಿಡುವುದು ಲೇಸು.

ದಂಡೆಯ ಮೇಲೆ

ಕೃಷ್ಣೆಯಲ್ಲಿ ಮೊಸಳೆಗಳಿವೆ. ಸಾಂಗಲಿಯಿಂದ ಅಥಣಿಯವರೆಗಿನ ನದಿ ಪಾತ್ರದಲ್ಲಿ ಅವು ದಂಡೆಗೆ ಬಂದು ಬಿಸಿಲು ಕಾಯುವುದು ಸಾಮಾನ್ಯ ದೃಶ್ಯ. ಸೊಂಟದ ನೀರಿಗೆ ಇಳಿದು ಗಾಳ ಹಾಕುವುದು, ಸಿಕ್ಕಿಕೊಂಡ ಗಾಳ ಬಿಡಿಸಲು ನೀರಿಗೆ ಧುಮುಕುವುದು ಸಲ್ಲದು. ಗಾಳ ಸಿಕ್ಕಿಕೊಂಡರೆ ದಾರವನ್ನು ಕೋಲಿಗೆ ಸುತ್ತಿ ನೇರವಾಗಿ ಎಳೆಯಬೇಕು, ಬಾರದಿದ್ದರೆ ಬಿಡಬೇಕು.

ಇನ್ನೊಂದು ಅಪಾಯ ನೀರಿನ ಏರಿಕೆ. ಚಿಕ್ಕೋಡಿಯಲ್ಲಿ ಹನಿ ಮಳೆ ಇಲ್ಲದಿದ್ದರೂ ಪಶ್ಚಿಮ ಘಟ್ಟದಲ್ಲಿ ಮಳೆಯಾಗಿ ಕೊಯ್ನಾ, ರಾಧಾನಗರಿ, ಕಾಳಮ್ಮವಾಡಿ ಜಲಾಶಯಗಳಿಂದ ನೀರು ಬಿಟ್ಟರೆ ಇಲ್ಲಿಯ ನದಿಗಳು ಏರುತ್ತವೆ. ಕಲ್ಲೋಳ–ಯಡೂರ, ಸದಲಗಾ–ಬೋರಗಾಂವ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ ಮುಂತಾದ ಕೆಳಮಟ್ಟದ ಸೇತುವೆಗಳು ಮೊದಲಿಗೆ ಮುಳುಗುವಂಥವು. 2005, 2019 ಮತ್ತು 2021ರ ಮಹಾಪೂರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರು, ಹುಬ್ಬಳ್ಳಿಯಿಂದ ರಜೆಗೆ ಬರುವ ಹವ್ಯಾಸಿಗಳು ಗಮನಿಸಬೇಕು.

ಕತ್ತರಿಸಿದ ತಂಗೂಸಿಯ ತುಂಡುಗಳನ್ನು ದಂಡೆಯಲ್ಲಿ ಎಸೆದು ಬರಬಾರದು. ನೈಲಾನ್ ಕೊಳೆಯುವುದಿಲ್ಲ. ಬೆಳ್ಳಕ್ಕಿಗಳ ಕಾಲಿಗೆ ಅದು ಸುತ್ತಿಕೊಳ್ಳುತ್ತದೆ, ನೀರಿಗಿಳಿಯುವ ಎಮ್ಮೆಗಳ ಗೊರಸಿಗೆ ಸಿಗುತ್ತದೆ, ಮೇವಿನೊಡನೆ ಹೊಟ್ಟೆಗೂ ಹೋಗುತ್ತದೆ. ಖಾಲಿ ನೀರಿನ ಬಾಟಲಿಯೊಂದನ್ನು ಚೀಲದಲ್ಲಿಟ್ಟುಕೊಂಡು, ಕತ್ತರಿಸಿದ ಪ್ರತಿ ತುದಿಯನ್ನೂ ಅದರಲ್ಲಿ ಹಾಕಿ, ಮುಚ್ಚಳ ತಿರುಗಿಸಿ ಮನೆಗೆ ತರಬೇಕು. ಉದ್ದನೆಯ ದಾರವಾದರೆ ಕಸಕ್ಕೆ ಹಾಕುವ ಮುನ್ನ ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಹಾಕಬೇಕು.